ಬಾಹ್ಯ ಸಾಧನಗಳ ಜೋಡಣೆ ಮತ್ತು ಗಣಕದ ಎಚ್ಚರಿಕೆಯ ಮಾತುಗಳು: ಸಂಶೋಧಕರಿಗೊಂದು ವಿವರಣೆ

೧. ಪೀಠಿಕೆ

ಕರ್ನಾಟಕದ ಹೊರಗಿದ್ದು ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಆಕರ ಒಂದೆಡೆ, ಅಧ್ಯಯನದ ಮೇಜು ಇನ್ನೊಂದೆಡೆ. ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕಂಡ ಕನ್ನಡ ಪ್ರತಿಯನ್ನು ದೆಹಲಿಯಲ್ಲಿ ಕುಳಿತು ಓದಬೇಕಾಗುತ್ತದೆ. ಬೀದರ ಜಿಲ್ಲೆಯ ಹಳ್ಳಿಯಲ್ಲಿ ಧ್ವನಿಮುದ್ರಿಸಿಕೊಂಡ ಹಾಡನ್ನು ಹೈದರಾಬಾದಿನಲ್ಲಿ ಲಿಪ್ಯಂತರಿಸಬೇಕಾಗುತ್ತದೆ. ಹಿಂದೆ ಈ ಕೆಲಸವನ್ನು ಕೈನಕಲು, ಜೆರಾಕ್ಸ್ ಮತ್ತು ಮೈಕ್ರೊಫಿಲ್ಮುಗಳು ನಿರ್ವಹಿಸುತ್ತಿದ್ದವು. ಇಂದು ಅದೆಲ್ಲವೂ ಪೆನ್‌ಡ್ರೈವ್, ಕ್ಯಾಮೆರಾದ ಮೆಮೊರಿ ಕಾರ್ಡ್ ಮತ್ತು ಹೊರಗಿನ ಹಾರ್ಡ್‌ಡಿಸ್ಕುಗಳಿಗೆ ಸೇರಿದೆ. ಹಲವು ವರ್ಷಗಳ ಕ್ಷೇತ್ರಕಾರ್ಯದ ಫಲ ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ ಅಡಗಿರುವುದು ಈಗ ಸಾಮಾನ್ಯ ಸಂಗತಿ.

ಇಂಥ ಸಾಧನವನ್ನು ಗಣಕಕ್ಕೆ ಜೋಡಿಸಿದಾಗ ಪರದೆಯ ಮೇಲೆ ಕೆಲವೊಮ್ಮೆ ಒಂದು ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ. ಅದನ್ನು ಎದುರಿಸುವಲ್ಲಿ ಎರಡು ಅತಿರೇಕಗಳನ್ನು ಕಾಣುತ್ತೇವೆ. ಒಂದು, ಯಾವ ಸಂದೇಶ ಬಂದರೂ ಸರ್ವನಾಶವಾಯಿತೆಂದು ಗಾಬರಿಗೊಳ್ಳುವುದು. ಇನ್ನೊಂದು, ಓದದೆಯೇ ಕಣ್ಣಿಗೆ ಬಿದ್ದ ಗುಂಡಿಯನ್ನು ಒತ್ತಿಬಿಡುವುದು. ಮೊದಲನೆಯದರಿಂದ ಕಾಲಹರಣ ಮಾತ್ರ. ಎರಡನೆಯದರಿಂದ ಆಕರವೇ ನಾಶವಾಗಬಹುದು. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವನ್ನು ರೂಢಿಯ ಮಾತೆಂದು ದಾಟಿಹೋಗುವವರಿರುವಂತೆ, ಗಣಕದ ಎಚ್ಚರಿಕೆಯನ್ನೂ ರೂಢಿಯ ಮಾತೆಂದು ದಾಟುವವರಿದ್ದಾರೆ. ವಾಸ್ತವವಾಗಿ ಅದು ಕೂಡ ಒಂದು ಪಠ್ಯ. ಹೇಳುವವರು ಯಾರು, ಯಾವ ವಸ್ತುವನ್ನು ಕುರಿತು ಹೇಳುತ್ತಿದ್ದಾರೆ, ನಮ್ಮಿಂದ ಯಾವ ಕ್ರಿಯೆಯನ್ನು ಬೇಡುತ್ತಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಅದರ ಅರ್ಥ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ಈ ದೃಷ್ಟಿಯಿಂದ ಅಂಥ ಸಂದೇಶಗಳನ್ನು ವರ್ಗೀಕರಿಸಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಜೋಡಣೆಯ ನಾಲ್ಕು ಹಂತಗಳು

ಯುಎಸ್‌ಬಿ ಎಂಬ ಸಂಪರ್ಕ ವಿಧಾನದ ಮೊದಲ ಅಧಿಕೃತ ನಿರೂಪಣೆ ಪ್ರಕಟವಾದದ್ದು ೧೯೯೬ರಲ್ಲಿ. ಅದಕ್ಕೆ ಮುನ್ನ ಪ್ರಿಂಟರಿಗೊಂದು, ಕೀಲಿಮಣೆಗೊಂದು, ಮೋಡೆಮ್ಮಿಗೊಂದು ಎಂದು ಬೇರೆಬೇರೆ ಆಕಾರದ ಕಿಂಡಿಗಳಿದ್ದವು. ಎಲ್ಲಕ್ಕೂ ಒಂದೇ ಕಿಂಡಿ ಎಂಬುದು ಹೊಸ ವಿಧಾನದ ಅನುಕೂಲ. ಆದರೆ ಒಂದೇ ಬಾಗಿಲಿನಿಂದ ಎಲ್ಲರೂ ಬರುವಾಗ ಬಂದವರು ಯಾರೆಂದು ವಿಚಾರಿಸುವ ಕ್ರಮವೊಂದು ಅನಿವಾರ್ಯವಾಯಿತು. ಆ ವಿಚಾರಣೆಯನ್ನು ಅರಿತರೆ ಎಚ್ಚರಿಕೆಗಳು ಹುಟ್ಟುವ ಸ್ಥಾನಗಳು ತಿಳಿಯುತ್ತವೆ.

ಮೊದಲನೆಯದು ವಿದ್ಯುತ್ತಿನ ಹಂತ. ಕಿಂಡಿಯು ಸಾಧನಕ್ಕೆ ೫ ವೋಲ್ಟಿನ ವಿದ್ಯುತ್ತನ್ನು ಒದಗಿಸುತ್ತದೆ. ಎರಡನೆಯದು ಪರಿಚಯದ ಹಂತ. ಗಣಕವು ಸಾಧನಕ್ಕೆ ಒಂದು ತಾತ್ಕಾಲಿಕ ಸಂಖ್ಯೆಯನ್ನು ಕೊಟ್ಟು, ನಿನ್ನನ್ನು ತಯಾರಿಸಿದವರು ಯಾರು, ನೀನು ಯಾವ ಮಾದರಿ, ಯಾವ ವರ್ಗಕ್ಕೆ ಸೇರಿದವನು ಎಂದು ಕೇಳುತ್ತದೆ. ಸಾಧನವು ತನ್ನೊಳಗೆ ಬರೆದಿಟ್ಟುಕೊಂಡ ವಿವರವನ್ನು ಒಪ್ಪಿಸುತ್ತದೆ. ಮೂರನೆಯದು ಚಾಲಕದ ಹಂತ. ಆ ವಿವರಕ್ಕೆ ಹೊಂದುವ, ಡ್ರೈವರ್ ಎಂದು ಕರೆಯಲಾಗುವ ತಂತ್ರಾಂಶವನ್ನು ಗಣಕ ಹುಡುಕಿ ಕೆಲಸಕ್ಕೆ ಹಚ್ಚುತ್ತದೆ. ನಾಲ್ಕನೆಯದು ಸಂಗ್ರಹ ಸಾಧನಗಳಿಗೆ ಮಾತ್ರ ಅನ್ವಯಿಸುವ ಹಂತ. ಡಿಸ್ಕಿನ ಮೇಲಿರುವ ಕಡತಗಳ ಸೂಚಿಯನ್ನು ಓದಿ ಅವುಗಳನ್ನು ನಮ್ಮ ಕಣ್ಣಿಗೆ ಕಾಣಿಸುವುದು ಇಲ್ಲಿ ನಡೆಯುತ್ತದೆ. ಇವಲ್ಲದೆ ಸಾಧನವನ್ನು ಕಳಚುವ ಸಂದರ್ಭ ಮತ್ತು ಸಾಧನದ ವಿಶ್ವಾಸಾರ್ಹತೆಯ ಪ್ರಶ್ನೆ ಎಂಬ ಇನ್ನೆರಡು ಸ್ಥಾನಗಳಿವೆ. ಸಾಮಾನ್ಯವಾಗಿ ಕಾಣುವ ಎಚ್ಚರಿಕೆಗಳೆಲ್ಲ ಈ ಆರರಲ್ಲಿ ಒಂದಕ್ಕೆ ಸೇರುತ್ತವೆ.

೩. ವಿದ್ಯುತ್ತಿಗೆ ಸಂಬಂಧಿಸಿದವು

೨೦೦೦ದಲ್ಲಿ ಬಂದ ಯುಎಸ್‌ಬಿ ೨.೦ರ ನಿಯಮದಂತೆ, ಪರಿಚಯ ಮುಗಿಯುವವರೆಗೆ ಸಾಧನವು ೧೦೦ ಮಿಲಿಆಂಪಿಯರ್ ವಿದ್ಯುತ್ತನ್ನಷ್ಟೇ ಪಡೆಯಬಹುದು. ಅನುಮತಿ ದೊರೆತ ಮೇಲೆ ೫೦೦ರವರೆಗೆ ಪಡೆಯಬಹುದು. ೨೦೦೮ರ ಯುಎಸ್‌ಬಿ ೩.೦ರಲ್ಲಿ ಈ ಮಿತಿ ೯೦೦ಕ್ಕೆ ಏರಿತು. ಒಳಗೆ ತಿರುಗುವ ತಟ್ಟೆಯುಳ್ಳ ಹಾರ್ಡ್‌ಡಿಸ್ಕು ಚಲನೆ ಆರಂಭಿಸುವಾಗ ಹೆಚ್ಚು ವಿದ್ಯುತ್ತನ್ನು ಬೇಡುತ್ತದೆ. ಹಳೆಯ ಕಿಂಡಿಗೋ, ಸ್ವಂತ ವಿದ್ಯುತ್ ಸಂಪರ್ಕವಿಲ್ಲದ ಹಬ್ಬಿಗೋ ಅದನ್ನು ಜೋಡಿಸಿದರೆ, 'ಪವರ್ ಸರ್ಜ್ ಆನ್ ದಿ ಯುಎಸ್‌ಬಿ ಪೋರ್ಟ್' ಎಂಬ ಸಂದೇಶ ಬರಬಹುದು. ಕಿಂಡಿ ಕೊಡಬಲ್ಲುದಕ್ಕಿಂತ ಹೆಚ್ಚನ್ನು ಸಾಧನ ಕೇಳುತ್ತಿದೆ ಎಂದಷ್ಟೇ ಇದರ ಅರ್ಥ. ಕಡತಗಳು ಕೆಟ್ಟಿವೆ ಎಂದಲ್ಲ. ಹಬ್ಬನ್ನು ಬಿಟ್ಟು ನೇರವಾಗಿ ಗಣಕದ ಕಿಂಡಿಗೆ ಜೋಡಿಸುವುದು, ಗಿಡ್ಡನೆಯ ಒಳ್ಳೆಯ ಕೇಬಲ್ಲನ್ನು ಬಳಸುವುದು ಮೊದಲ ಪರಿಹಾರ. ಬೇರೆ ಗಣಕಗಳಲ್ಲಿಯೂ ಇದೇ ಸಂದೇಶ ಬಂದರೆ ಸಾಧನದೊಳಗೆ ದೋಷವಿರಬಹುದು. ಪದೇ ಪದೇ ಜೋಡಿಸಿ ನೋಡುವುದು ತರವಲ್ಲ.

ಯಾವ ಸಂದೇಶವೂ ಬಾರದಿರುವುದನ್ನೂ ಓದಬೇಕಾಗುತ್ತದೆ. ಮೊಬೈಲ್ ಫೋನನ್ನು ಜೋಡಿಸಿದಾಗ ಅದು ಚಾರ್ಜ್ ಆಗುತ್ತದೆ, ಆದರೆ ಗಣಕದಲ್ಲಿ ಏನೂ ಕಾಣುವುದಿಲ್ಲ. ಸಾಮಾನ್ಯ ಯುಎಸ್‌ಬಿ ೨.೦ ಕೇಬಲ್ಲಿನಲ್ಲಿ ನಾಲ್ಕು ತಂತಿಗಳಿದ್ದು ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ ಮೀಸಲು. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಇಲ್ಲಿ ಕೇಬಲ್ಲನ್ನು ಬದಲಿಸಿದರೆ ಸಾಕು. ಹಾಗೆಯೇ, ಬೇರೆ ಕಿಂಡಿಯಲ್ಲಿ ಈ ಸಾಧನ ಇನ್ನೂ ವೇಗವಾಗಿ ಕೆಲಸ ಮಾಡೀತು ಎಂಬ ಸಂದೇಶವು ಎಚ್ಚರಿಕೆಯಲ್ಲ, ಸಲಹೆ. ಯುಎಸ್‌ಬಿ ೨.೦ರ ಗರಿಷ್ಠ ವೇಗ ಸೆಕೆಂಡಿಗೆ ೪೮೦ ಮೆಗಾಬಿಟ್, ೩.೦ರದು ೫ ಗಿಗಾಬಿಟ್. ಸಾವಿರಾರು ಛಾಯಾಚಿತ್ರಗಳನ್ನು ನಕಲಿಸುವಾಗ ಈ ಅಂತರ ಗಂಟೆಗಳ ಲೆಕ್ಕದಲ್ಲಿ ಅನುಭವಕ್ಕೆ ಬರುತ್ತದೆ.

೪. ಪರಿಚಯ ಮತ್ತು ಚಾಲಕಕ್ಕೆ ಸಂಬಂಧಿಸಿದವು

'ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್' ಎಂಬುದು ವಿಂಡೋಸ್ ಬಳಸುವವರೆಲ್ಲ ಒಮ್ಮೆಯಾದರೂ ಕಂಡಿರುವ ವಾಕ್ಯ. ಬಂದಾತನನ್ನು ಹೆಸರು ಕೇಳಿದೆ, ಉತ್ತರ ಬರಲಿಲ್ಲ ಅಥವಾ ಬಂದ ಉತ್ತರ ಅರ್ಥವಾಗಲಿಲ್ಲ ಎಂದು ಗಣಕ ಹೇಳುತ್ತಿದೆ. ಡಿವೈಸ್ ಮ್ಯಾನೇಜರಿನಲ್ಲಿ ಇದೇ ಸ್ಥಿತಿ ಹೆಚ್ಚಾಗಿ 'ಕೋಡ್ ೪೩' ಎಂದು ದಾಖಲಾಗಿರುತ್ತದೆ. ಸಂದೇಶವು ಕಡತಗಳ ವಿಷಯವಾಗಿ ಏನನ್ನೂ ಹೇಳುತ್ತಿಲ್ಲವೆಂಬುದನ್ನು ಗಮನಿಸಬೇಕು. ವಿಚಾರಣೆ ಅಲ್ಲಿಯವರೆಗೆ ಹೋಗಿಯೇ ಇಲ್ಲ.

ಇಲ್ಲಿ ಅನುಸರಿಸಬೇಕಾದದ್ದು ಪಾಠಾಂತರಗಳ ಪರಿಶೀಲನೆಯಲ್ಲಿ ನಮಗೆ ಪರಿಚಿತವಾದ ತುಲನೆಯ ವಿಧಾನ. ಸಾಧನ, ಕೇಬಲ್, ಕಿಂಡಿ, ಗಣಕ ಎಂಬ ನಾಲ್ಕರಲ್ಲಿ ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಒಂದು ಸಾಧನ ಎಲ್ಲ ಗಣಕಗಳಲ್ಲಿಯೂ ವಿಫಲವಾದರೆ ದೋಷ ಸಾಧನದ್ದು. ಎಲ್ಲ ಸಾಧನಗಳೂ ಒಂದೇ ಗಣಕದಲ್ಲಿ ವಿಫಲವಾದರೆ ದೋಷ ಆ ಗಣಕದ್ದು. ಒಂದೇ ಬಾರಿಗೆ ಎರಡನ್ನು ಬದಲಿಸಿದರೆ ನಿರ್ಣಯ ಅಸಾಧ್ಯವಾಗುತ್ತದೆ.

ಪರಿಚಯ ಮುಗಿದರೂ ತಕ್ಕ ಚಾಲಕ ದೊರೆಯದಿದ್ದಲ್ಲಿ 'ಕೋಡ್ ೨೮' ಕಾಣುತ್ತದೆ. ಪೆನ್‌ಡ್ರೈವುಗಳಿಗೆ ಬೇಕಾದ ಚಾಲಕ ಗಣಕದಲ್ಲಿಯೇ ಇರುವುದರಿಂದ ಈ ತೊಡಕು ಮುಖ್ಯವಾಗಿ ಸ್ಕ್ಯಾನರು, ಪ್ರಿಂಟರುಗಳದ್ದು. ಹಳೆಯ ಸ್ಕ್ಯಾನರನ್ನು ಹೊಸ ಗಣಕಕ್ಕೆ ಜೋಡಿಸುವ ವಿಭಾಗಗಳಲ್ಲಿ ಇದು ಹೆಚ್ಚು. ಚಾಲಕವನ್ನು ತಯಾರಕರ ಅಧಿಕೃತ ತಾಣದಿಂದಲೇ ಪಡೆಯಬೇಕು. ಎಲ್ಲ ಚಾಲಕಗಳನ್ನೂ ಒಟ್ಟಿಗೆ ಕೊಡುತ್ತೇವೆಂದು ಸಾರುವ ಅಪರಿಚಿತ ತಂತ್ರಾಂಶಗಳಿಂದ ದೂರವಿರುವುದು ಕ್ಷೇಮ.

೫. 'ಫಾರ್ಮ್ಯಾಟ್ ಮಾಡಬೇಕೆ?' ಎಂಬ ಪ್ರಶ್ನೆ

ಎಲ್ಲಕ್ಕಿಂತ ಹೆಚ್ಚು ವಿವೇಚನೆಯನ್ನು ಬೇಡುವುದು ನಾಲ್ಕನೆಯ ಹಂತದ ಸಂದೇಶ. ಡಿಸ್ಕನ್ನು ಬಳಸುವ ಮುನ್ನ ಅದನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಎಂದು ವಿಂಡೋಸ್ ಕೇಳುತ್ತದೆ. ಮ್ಯಾಕ್ ಗಣಕವು, ಈ ಡಿಸ್ಕನ್ನು ಓದಲಾಗುತ್ತಿಲ್ಲ ಎಂದು ತಿಳಿಸಿ 'ಇನಿಶಿಯಲೈಸ್', 'ಇಗ್ನೋರ್', 'ಇಜೆಕ್ಟ್' ಎಂಬ ಆಯ್ಕೆಗಳನ್ನು ಒಡ್ಡುತ್ತದೆ. ವಾಕ್ಯದ ಧಾಟಿ ಸಹಾಯದ್ದು, ಪರಿಣಾಮ ಅದಕ್ಕೆ ವಿರುದ್ಧವಾದದ್ದು. ಕರ್ತೃ, ಕರ್ಮ, ಕ್ರಿಯೆಗಳನ್ನು ಬಿಡಿಸಿ ನೋಡಿದರೆ ಗಣಕ ಹೇಳುತ್ತಿರುವುದು ಇಷ್ಟೇ: 'ನನಗೆ ಇದನ್ನು ಓದಲಾಗುತ್ತಿಲ್ಲ, ಬೇಕಾದರೆ ಇದನ್ನು ಖಾಲಿ ಡಿಸ್ಕೆಂದು ಭಾವಿಸಿ ಹೊಸದಾಗಿ ಸಿದ್ಧಗೊಳಿಸುತ್ತೇನೆ.' ತನಗೆ ಓದಲು ಬಾರದ್ದನ್ನು ಬರಹವೇ ಅಲ್ಲವೆಂದು ತಿಳಿಯುವವನ ಮಾತಿದು. ಮೋಡಿ ಲಿಪಿಯನ್ನು ಅರಿಯದವನೊಬ್ಬ ಆ ಕಡತವನ್ನು ವ್ಯರ್ಥ ಗೀರುಗಳೆಂದು ಅಳಿಸಲು ಹೊರಟರೆ ನಾವು ಸಮ್ಮತಿಸುವುದಿಲ್ಲವಷ್ಟೆ.

ಈ ಸಂದೇಶಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಮೊದಲನೆಯದು, ಕಡತವ್ಯವಸ್ಥೆಯ ಭೇದ. ಡಿಸ್ಕಿನ ಮೇಲೆ ಕಡತಗಳನ್ನು ಜೋಡಿಸಿ ಸೂಚಿ ಬರೆಯುವ ಪದ್ಧತಿಗಳು ಹಲವು. ವಿಂಡೋಸಿನದು ಎನ್‌ಟಿಎಫ್‌ಎಸ್, ಮ್ಯಾಕಿನದು ೨೦೧೭ರಿಂದ ಎಪಿಎಫ್‌ಎಸ್, ಲಿನಕ್ಸಿನಲ್ಲಿ ಹೆಚ್ಚಾಗಿ ಎಕ್ಸ್ಟ್೪. ಮ್ಯಾಕಿನಲ್ಲಿ ಸಿದ್ಧವಾದ ಡಿಸ್ಕನ್ನು ವಿಂಡೋಸ್ ತನ್ನಷ್ಟಕ್ಕೆ ತಾನೇ ಓದಲಾರದು. ಡಿಸ್ಕು ಆರೋಗ್ಯವಾಗಿಯೇ ಇರುತ್ತದೆ. ಓದುಗ ಬೇರೆ, ಅಷ್ಟೆ. ಎರಡನೆಯದು, ಗೂಢಲಿಪೀಕರಣ. ವೆರಾಕ್ರಿಪ್ಟಿನಂಥ ತಂತ್ರಾಂಶದಿಂದ ಭದ್ರಪಡಿಸಿದ ಡಿಸ್ಕು ವಿಂಡೋಸಿಗೆ ಅರ್ಥಹೀನವಾಗಿ ಕಾಣುವುದರಿಂದ ಫಾರ್ಮ್ಯಾಟಿನ ಪ್ರಶ್ನೆ ಬರುತ್ತದೆ. ಮೂರನೆಯದು, ಸೂಚಿಯೇ ಕೆಟ್ಟಿರುವುದು. ಬರೆಯುತ್ತಿದ್ದಾಗ ಕಳಚಿದ್ದರಿಂದಲೋ, ಡಿಸ್ಕಿನ ಜೀರ್ಣಾವಸ್ಥೆಯಿಂದಲೋ ಹೀಗಾಗಬಹುದು.

ಮೂರನೆಯ ಕಾರಣದಲ್ಲಿಯೂ ಎಲ್ಲವೂ ಹೋಯಿತೆಂದು ಭಾವಿಸಬೇಕಾಗಿಲ್ಲ. ಓಲೆಗರಿಯ ಕಟ್ಟಿನ ದಾರ ಹರಿದು, ಪುಟಸಂಖ್ಯೆಗಳು ಮಾಸಿದ ಸ್ಥಿತಿಗೆ ಇದನ್ನು ಹೋಲಿಸಬಹುದು: ಗರಿಗಳು ಉಳಿದಿರುತ್ತವೆ, ಕ್ರಮ ತಪ್ಪಿರುತ್ತದೆ. ತ್ವರಿತ ಫಾರ್ಮ್ಯಾಟ್ ಎಂಬುದು ಹಳೆಯ ಸೂಚಿಯನ್ನು ತೆಗೆದು ಖಾಲಿ ಸೂಚಿಯನ್ನಿಡುತ್ತದೆ. ಗರಿಗಳನ್ನು ಮುಟ್ಟುವುದಿಲ್ಲವಾದರೂ ಉಳಿದಿದ್ದ ಸುಳಿವನ್ನು ಕಳೆಯುತ್ತದೆ. ಪೂರ್ಣ ಫಾರ್ಮ್ಯಾಟಾದರೋ, ೨೦೦೭ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ, ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಆಮೇಲೆ ಮರಳಿ ಪಡೆಯುವ ಮಾತಿಲ್ಲ.

ಒಂದು ಸಂದರ್ಭವನ್ನು ಭಾವಿಸೋಣ. ಮುಂಬಯಿಯ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಖಾಸಗಿ ಮನೆಯೊಂದರ ಓಲೆಗರಿ ಕಟ್ಟಿನ ಮುನ್ನೂರು ಗರಿಗಳ ಚಿತ್ರ ತೆಗೆದುಕೊಂಡು ಬಂದಿದ್ದಾಳೆ. ಆ ಮನೆಯ ಹಿರಿಯರು ಕಟ್ಟನ್ನು ಬಿಚ್ಚಲು ಒಪ್ಪಿದ್ದೇ ಒಂದು ದಿನದ ಮಟ್ಟಿಗೆ. ವಿಭಾಗದ ಗಣಕಕ್ಕೆ ಮೆಮೊರಿ ಕಾರ್ಡನ್ನು ಹಾಕಿದೊಡನೆ ಫಾರ್ಮ್ಯಾಟಿನ ಪ್ರಶ್ನೆ ಎದುರಾಗುತ್ತದೆ. ಒಂದು ಗುಂಡಿಯ ಹಿಂದೆ ಪ್ರಬಂಧದ ಒಂದು ಅಧ್ಯಾಯವೇ ಇದೆ. ಗರಿಗಳಿಗೆ ಹುಳು ಹಿಡಿದಿದ್ದಲ್ಲಿ ಆ ಕೃತಿಯ ಏಕೈಕ ಸಾಕ್ಷ್ಯವೂ ಇರಬಹುದು. ಇಲ್ಲಿ ಮಾಡಬೇಕಾದ ಕ್ರಮ ಹೀಗಿದೆ: 'ಕ್ಯಾನ್ಸಲ್' ಒತ್ತಬೇಕು. ಕಾರ್ಡನ್ನು ತೆಗೆದು ಅದಕ್ಕೆ ಹೊಸದೇನನ್ನೂ ಬರೆಯದಂತೆ ನೋಡಿಕೊಳ್ಳಬೇಕು. ಹೊಸ ಚಿತ್ರವನ್ನಂತೂ ತೆಗೆಯಲೇಬಾರದು. ಚಿತ್ರ ತೆಗೆದ ಕ್ಯಾಮೆರಾದಲ್ಲಿ ಅದು ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು. ಬೇರೆ ರೀಡರಿನಲ್ಲಿ, ಬೇರೆ ಬಗೆಯ ಗಣಕದಲ್ಲಿ ನೋಡಬೇಕು. ಎಲ್ಲಿಯೂ ಕಾಣದಿದ್ದರೆ ಡಿಸ್ಕಿನ ಸಮಗ್ರ ಪ್ರತಿಬಿಂಬವೊಂದನ್ನು ತೆಗೆದುಕೊಂಡು, ಆ ಪ್ರತಿಯ ಮೇಲೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಮೊದಲಾದ ಉಚಿತ ಮುಕ್ತ ತಂತ್ರಾಂಶಗಳನ್ನು ಪ್ರಯೋಗಿಸಬಹುದು. ಮರಳಿ ದೊರೆತ ಕಡತಗಳನ್ನು ಅದೇ ಕಾರ್ಡಿಗೆ ಬರೆಯಬಾರದು. ಹಾರ್ಡ್‌ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಈ ಯಾವ ಪ್ರಯೋಗವೂ ಸಲ್ಲದು. ವಿದ್ಯುತ್ತನ್ನು ಕಡಿದು ತಜ್ಞರಿಗೆ ಒಪ್ಪಿಸುವುದೇ ದಾರಿ.

ಇದಕ್ಕಿಂತ ಸೌಮ್ಯವಾದ ಇನ್ನೊಂದು ಸಂದೇಶವುಂಟು: ಈ ಡ್ರೈವಿನಲ್ಲಿ ತೊಂದರೆಯಿದೆ, ಪರೀಕ್ಷಿಸಿ ಸರಿಪಡಿಸಲೇ? ಹಿಂದಿನ ಸಲ ಸರಿಯಾಗಿ ಕಳಚದೆ ಇದ್ದುದರ ಗುರುತು ಉಳಿದಿರುವುದೇ ಬಹುಮಟ್ಟಿಗೆ ಇದರ ಕಾರಣ. ಇದು ಫಾರ್ಮ್ಯಾಟ್ ಅಲ್ಲ. ಆದರೆ ಸರಿಪಡಿಸುವಾಗಲೂ ಗಣಕವು ಸೂಚಿಯನ್ನು ತಿದ್ದುತ್ತದೆ. ಸಂಬಂಧ ತಪ್ಪಿದ ತುಣುಕುಗಳನ್ನು 'ಫೌಂಡ್' ಎಂಬ ಹೆಸರಿನ ಕಡತಕೋಶದಲ್ಲಿ ಕೂಡಿಡುತ್ತದೆ. ಆದ್ದರಿಂದ ಮೊದಲು ನಕಲು, ಆಮೇಲೆ ಪರಿಷ್ಕಾರ ಎಂಬ ಸಂಪಾದನ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ.

೬. ಬರೆಯುವಾಗಿನ ತಡೆಗಳು

ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿದ್ದರೂ ಕಡತ ತೀರ ದೊಡ್ಡದಾಯಿತು ಎಂಬ ಸಂದೇಶ ಕ್ಷೇತ್ರಕಾರ್ಯದ ವಿಡಿಯೋಗಳನ್ನು ನಕಲಿಸುವವರಿಗೆ ಪರಿಚಿತ. ಫ್ಯಾಟ್೩೨ ಎಂಬ ಹಳೆಯ ಕಡತವ್ಯವಸ್ಥೆಯಲ್ಲಿ ಒಂದು ಕಡತ ೪ ಗಿಗಾಬೈಟನ್ನು ಮುಟ್ಟುವಂತಿಲ್ಲವೆಂಬುದೇ ಇದರ ಕಾರಣ. ೨೦೦೬ರಲ್ಲಿ ಬಂದ ಎಕ್ಸ್‌ಫ್ಯಾಟ್‌ನಲ್ಲಿ ಈ ಮಿತಿಯಿಲ್ಲ. ವಿಂಡೋಸ್ ಮತ್ತು ಮ್ಯಾಕ್ ಎರಡೂ ಅದನ್ನು ಓದಿ ಬರೆಯಬಲ್ಲವು. ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ಹೆಚ್ಚುವರಿ ತಂತ್ರಾಂಶವಿಲ್ಲದೆ ಅದಕ್ಕೆ ಬರೆಯುವುದಿಲ್ಲ. ಎರಡೂ ಬಗೆಯ ಗಣಕಗಳನ್ನು ಬಳಸುವವರು ಖಾಲಿ ಡಿಸ್ಕನ್ನು ಕೊಂಡ ದಿನವೇ ಎಕ್ಸ್‌ಫ್ಯಾಟ್‌ಗೆ ಸಿದ್ಧಗೊಳಿಸಿಕೊಳ್ಳುವುದು ಯುಕ್ತ.

'ರೈಟ್ ಪ್ರೊಟೆಕ್ಟೆಡ್' ಎಂಬ ಸಂದೇಶ ಬಂದಾಗ ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಅಗುಳಿಯನ್ನು ಮೊದಲು ನೋಡಬೇಕು. ಅಗುಳಿಯೇ ಇಲ್ಲದ ಪೆನ್‌ಡ್ರೈವು ಹಠಾತ್ತನೆ ಹೀಗೆ ಹೇಳತೊಡಗಿದರೆ, ಅದರ ಆಯುಷ್ಯ ಮುಗಿಯುತ್ತ ಬಂದಿರುವ ಸಾಧ್ಯತೆಯುಂಟು. ಓದಲು ಬರುತ್ತಿರುವಾಗಲೇ ಎಲ್ಲವನ್ನೂ ನಕಲಿಸಿಕೊಂಡು ಅದನ್ನು ಬಳಕೆಯಿಂದ ಬಿಡಬೇಕು.

೭. ಕಳಚುವಾಗಿನ ಎಚ್ಚರಿಕೆಗಳು

ನಕಲು ಮುಗಿಯಿತೆಂದು ಪರದೆ ತೋರಿಸಿದ ಮಾತ್ರಕ್ಕೆ ಡಿಸ್ಕಿನ ಮೇಲೆ ಬರವಣಿಗೆ ಮುಗಿದಿರುತ್ತದೆಂದು ಹೇಳಲಾಗದು. ವೇಗದ ದೃಷ್ಟಿಯಿಂದ ಗಣಕವು ಬರೆಯಬೇಕಾದುದನ್ನು ಸ್ವಲ್ಪ ಹೊತ್ತು ತನ್ನ ನೆನಪಿನಲ್ಲಿ ತಡೆದಿಟ್ಟುಕೊಳ್ಳಬಹುದು. 'ಸೇಫ್ಲಿ ರಿಮೂವ್' ಅಥವಾ 'ಇಜೆಕ್ಟ್' ಎಂಬ ಆದೇಶವು ಬಾಕಿಯನ್ನೆಲ್ಲ ಬರೆದು ಮುಗಿಸು ಎಂದು ಹೇಳುತ್ತದೆ. ೨೦೧೮ರ ವಿಂಡೋಸ್ ೧೦ರ ಪರಿಷ್ಕರಣದಿಂದ ಹೊರಗಿನ ಡಿಸ್ಕುಗಳಿಗೆ ಹೀಗೆ ತಡೆದಿಡದಿರುವ ಕ್ರಮವೇ ಸಹಜ ವ್ಯವಸ್ಥೆಯಾಯಿತು. ಆದರೂ ಗ್ರಂಥಾಲಯದ ಗಣಕದ ವ್ಯವಸ್ಥೆ ಹೇಗಿದೆಯೆಂದು ಹೊರಗಿನವರಿಗೆ ತಿಳಿಯದಿರುವುದರಿಂದ, ಹಳೆಯ ಅಭ್ಯಾಸವನ್ನು ಬಿಡದಿರುವುದು ಮೇಲು.

ಸಾಧನ ಬಳಕೆಯಲ್ಲಿದೆ, ಈಗ ಕಳಚಬೇಡಿ ಎಂದು ಗಣಕ ಹೇಳಿದರೆ, ಅದರಲ್ಲಿರುವ ಕಡತವನ್ನು ಯಾವುದೋ ತಂತ್ರಾಂಶ ತೆರೆದಿಟ್ಟುಕೊಂಡಿದೆ ಎಂದರ್ಥ. ತೆರೆದ ಕಡತಗಳನ್ನೆಲ್ಲ ಮುಚ್ಚಿ ಮತ್ತೆ ಪ್ರಯತ್ನಿಸಬೇಕು. ಆಗಲೂ ಬಿಡದಿದ್ದರೆ ಗಣಕವನ್ನು ಸಂಪೂರ್ಣ ಆರಿಸಿ ಕಳಚುವುದು ನಿರಪಾಯಕರ.

೮. ವಿಶ್ವಾಸದ ಪ್ರಶ್ನೆ

ಹಿಂದೆ ಪೆನ್‌ಡ್ರೈವನ್ನು ಹಾಕಿದೊಡನೆ ಅದರೊಳಗಿನ ಆದೇಶಗಳನ್ನು ವಿಂಡೋಸ್ ತಾನಾಗಿಯೇ ನಡೆಸುತ್ತಿತ್ತು. ೨೦೦೮ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ದುಷ್ಟ ತಂತ್ರಾಂಶವು ಹರಡಲು ಈ ಸೌಲಭ್ಯವನ್ನೂ ಬಳಸಿಕೊಂಡಿತು. ೨೦೦೯ರ ವಿಂಡೋಸ್ ೭ರಲ್ಲಿ ಪೆನ್‌ಡ್ರೈವುಗಳ ಮಟ್ಟಿಗೆ ಅದನ್ನು ನಿಲ್ಲಿಸಲಾಯಿತು. ೨೦೧೧ರಲ್ಲಿ ಹಳೆಯ ಆವೃತ್ತಿಗಳಿಗೂ ಈ ಬದಲಾವಣೆ ತಲುಪಿತು. ಇಂದು ಸಾಧನವನ್ನು ಹಾಕಿದಾಗ 'ಏನು ಮಾಡಲಿ?' ಎಂದು ಗಣಕ ಕೇಳುವುದರ ಹಿಂದೆ ಈ ಇತಿಹಾಸವಿದೆ.

ಜೆರಾಕ್ಸ್ ಅಂಗಡಿಯಿಂದ ಮರಳಿದ ಪೆನ್‌ಡ್ರೈವಿನಲ್ಲಿ ಕಡತಕೋಶಗಳು ಮಾಯವಾಗಿ ಅವುಗಳ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ ಉಳಿಯುವುದು ಪರಿಚಿತ ತೊಂದರೆ. ಮೂಲ ಕಡತಗಳು ಹೆಚ್ಚಾಗಿ ಅಲ್ಲಿಯೇ ಮರೆಯಾಗಿರುತ್ತವೆ. ಶಾರ್ಟ್‌ಕಟ್ ಅನ್ನು ಒತ್ತಿದರೆ ಸೋಂಕು ಗಣಕಕ್ಕೆ ದಾಟುತ್ತದೆ. ಆದ್ದರಿಂದ ಅದನ್ನು ಮುಟ್ಟದೆ, ಸೋಂಕುನಿವಾರಕ ತಂತ್ರಾಂಶದಿಂದ ಪರೀಕ್ಷಿಸಿ, ಮರೆಯಾದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಬಳಸಬೇಕು. ಮುದ್ರಣಕ್ಕೆ ಕೊಡುವ ಪೆನ್‌ಡ್ರೈವನ್ನು ಬೇರೆಯಾಗಿಯೇ ಇಟ್ಟುಕೊಂಡು, ಸಂಶೋಧನ ಸಾಮಗ್ರಿಯನ್ನು ಅದರಲ್ಲಿ ಇಡದಿರುವುದು ಉತ್ತಮ.

ಪರಿಚಯದ ಹಂತದಲ್ಲಿ ಸಾಧನ ಹೇಳಿದ್ದನ್ನು ಗಣಕ ನಂಬುತ್ತದೆ ಎಂಬುದು ಇನ್ನೊಂದು ದೌರ್ಬಲ್ಯ. ಪೆನ್‌ಡ್ರೈವಿನ ರೂಪದ ಸಾಧನವು ತಾನು ಕೀಲಿಮಣೆಯೆಂದು ಹೇಳಿಕೊಂಡು ಆದೇಶಗಳನ್ನು ಟೈಪಿಸಬಲ್ಲುದೆಂಬುದನ್ನು ಕಾರ್ಸ್ಟನ್ ನೋಲ್ ಮತ್ತು ಯಾಕೊಬ್ ಲೆಲ್ ೨೦೧೪ರಲ್ಲಿ ತೋರಿಸಿಕೊಟ್ಟರು. ಪೆನ್‌ಡ್ರೈವನ್ನು ಹಾಕಿದಾಗ ಹೊಸ ಕೀಲಿಮಣೆ ಸಿದ್ಧವಾಗುತ್ತಿದೆ ಎಂಬ ಸೂಚನೆ ಕಂಡರೆ ಕೂಡಲೆ ಕಿತ್ತು ತೆಗೆಯಬೇಕು. ಬಿದ್ದು ಸಿಕ್ಕ ಪೆನ್‌ಡ್ರೈವನ್ನು ಜೋಡಿಸಲೇಬಾರದು. 'ಈ ಗಣಕವನ್ನು ನಂಬುವಿರಾ?' ಎಂದು ಫೋನು ಕೇಳುವುದೂ ಇಂಥದೇ ಎಚ್ಚರದಿಂದ. ಸಾರ್ವಜನಿಕ ಗಣಕದಲ್ಲಿ ಚಾರ್ಜ್ ಮಾತ್ರ ಬೇಕಿದ್ದರೆ 'ಇಲ್ಲ' ಎನ್ನುವುದೇ ಸರಿ. ಅಲ್ಲದೆ, ದೂರವಾಣಿ ಸಂಖ್ಯೆ ಕೊಟ್ಟು ಕೂಡಲೆ ಕರೆ ಮಾಡಿ ಎನ್ನುವ ಎಚ್ಚರಿಕೆ ಗಣಕದ್ದಲ್ಲ, ವಂಚಕರದು.

೯. ಎಚ್ಚರಿಕೆಯಲ್ಲದ ಒಂದು ತೊಡಕು

ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಡಿಸ್ಕು ಕೆಟ್ಟಿತೆಂದು ಶಂಕಿಸುವವರುಂಟು. ನುಡಿ, ಬರಹ ಮೊದಲಾದವುಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಬರಹವು, ಆ ಫಾಂಟ್ ಇಲ್ಲದ ಗಣಕದಲ್ಲಿ ಹೀಗೆಯೇ ಕಾಣುತ್ತದೆ. ಕರ್ನಾಟಕದಿಂದ ಕಡತ ತರಿಸಿಕೊಂಡು ಪುಣೆಯಲ್ಲೋ ದೆಹಲಿಯಲ್ಲೋ ತೆರೆಯುವ ನಮಗೆ ಈ ಅನುಭವ ಹೆಚ್ಚು. ಸಾಧನಕ್ಕೂ ಇದಕ್ಕೂ ಸಂಬಂಧವಿಲ್ಲ. ತಕ್ಕ ಫಾಂಟನ್ನು ಅಳವಡಿಸುವುದು ಅಥವಾ ಯೂನಿಕೋಡಿಗೆ ಪರಿವರ್ತಿಸುವುದು ಪರಿಹಾರ.

೧೦. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳು ಹೊರಡುತ್ತವೆ. ಒಂದು, ಸಂದೇಶವು ಯಾವ ಹಂತದ್ದೆಂದು ಮೊದಲು ಗುರುತಿಸಬೇಕು. ಎರಡು, ಓದುವ ಕ್ರಿಯೆಯನ್ನೂ ಬರೆಯುವ ಕ್ರಿಯೆಯನ್ನೂ ಬೇರ್ಪಡಿಸಿ ನೋಡಬೇಕು. ಡಿಸ್ಕಿಗೆ ಬರೆಯುವ ಯಾವ ಸಲಹೆಗೂ ನಕಲು ಕೈಯಲ್ಲಿಲ್ಲದೆ ಒಪ್ಪಬಾರದು. ಮೂರು, ಸಂದೇಶದ ಯಥಾವತ್ ವಾಕ್ಯ, ದಿನಾಂಕ, ಸಾಧನ, ಗಣಕಗಳ ವಿವರವನ್ನು ಬರೆದಿಟ್ಟುಕೊಳ್ಳಬೇಕು; 'ಏನೋ ಬಂತು' ಎಂಬ ಮಾತಿನಿಂದ ತಜ್ಞರಿಗೂ ನೆರವಾಗದು. ನಾಲ್ಕು, ಆಕರದ ಮೂರು ಪ್ರತಿಗಳನ್ನು ಎರಡು ಬಗೆಯ ಮಾಧ್ಯಮಗಳಲ್ಲಿಟ್ಟು, ಅವುಗಳಲ್ಲಿ ಒಂದನ್ನು ಬೇರೆ ಊರಿನಲ್ಲಿಯೋ ಬೇರೆ ಕಟ್ಟಡದಲ್ಲಿಯೋ ಇರಿಸಬೇಕು; ನಕಲಾದ ಮೇಲೆ ಕಡತಗಳ ಸಂಖ್ಯೆ ಮತ್ತು ಗಾತ್ರ ಮೂಲಕ್ಕೆ ಸರಿಹೊಂದುತ್ತವೆಯೇ ಎಂದು ತಾಳೆ ನೋಡಬೇಕು.

ನಮ್ಮ ಪ್ರಾಚೀನ ಕೃತಿಗಳು ಉಳಿದು ಬಂದಿರುವುದು ಮೂಲಪ್ರತಿಗಳ ಗಟ್ಟಿತನದಿಂದಲ್ಲ, ಪ್ರತಿಕಾರರು ಮತ್ತೆ ಮತ್ತೆ ನಕಲಿಸಿದ್ದರಿಂದ. ಓಲೆಗರಿಗೆ ಹುಳುವಿನ ಭಯವಿದ್ದಂತೆ ಡಿಸ್ಕಿಗೆ ಜೀರ್ಣತೆಯ ಭಯವಿದ್ದೇ ಇದೆ. ಎಚ್ಚರಿಕೆಯ ಸಂದೇಶ ಬರುವ ಮುನ್ನವೇ ಎರಡನೆಯ ಪ್ರತಿ ಸಿದ್ಧವಾಗಿದ್ದರೆ, ಆ ಸಂದೇಶವನ್ನು ಸಮಾಧಾನದಿಂದ ಓದಲು ಸಾಧ್ಯವಾಗುತ್ತದೆ.